ಕೈರಿಯ ಬಟ್ಟಲಿನ ಮುಚ್ಚಳ

ಗೊತೊ ದ್ವೀಪ, ನಾಗಸಾಕಿ
ಏಪ್ರಿಲ್ 9, 2019

ಮಿನಾಸೆ ಫುಟ್‌ಬಾಲ್ ಕ್ಲಬ್ಬಿನ ಹಾಸ್ಟೆಲ್ ನೋಡಿಕೊಳ್ಳುವ ಕುರೆಬಯಾಶಿ ನೊಬುಕೊ ಅವರಿಗೆ,

ನಾನು ಇರಿಗುಚಿ ಮಿತ್ಸುಯೆ, ನಿಮ್ಮ ಹಾಸ್ಟೆಲಿನಲ್ಲಿ ಉಣ್ಣುವ ಕೈರಿಯ ಅಜ್ಜಿ. ಕಾಗದದ ಮೊದಲಿಗೆ ಹೂವು, ವಸಂತ, ಗಾಳಿ ಅಂತ ನಾಲ್ಕು ಸಾಲು ಬರೆಯುವುದು ಮರ್ಯಾದೆ. ಆದರೆ ನನಗೆ ಎಪ್ಪತ್ತೆರಡು. ಹೂವಿನ ವಿಷಯ ಬರೆಯುತ್ತ ಕೂತರೆ ಕೇಳಬೇಕಾದದ್ದು ಮರೆತುಹೋಗುತ್ತದೆ. ಫೋನ್ ಮಾಡೋಣವೆಂದರೆ ಕಿವಿ ಮಂದ. ಕೈರಿ ಫೋನಿನಲ್ಲಿ ಏನು ಹೇಳಿದರೂ ನನಗೆ ಕೇಳುವುದು "ಹ್ಞೂಂ ಅಜ್ಜಿ" ಅನ್ನುವುದೊಂದೇ.

ಇಲ್ಲಿ ಹಡಗುಕಟ್ಟೆಯಲ್ಲಿ ಅವನ ಚಿತ್ರ ಅಂಟಿಸಿದ್ದಾರೆ. ಬಾಗಿಲಿಗಿಂತ ಎತ್ತರ. ಹಡಗಿನಿಂದ ಇಳಿಯುವ ಹೆಣ್ಣುಮಕ್ಕಳು ಮೊದಲು ಅದರ ಮುಂದೆ ನಿಂತು ಫೋಟೊ ತೆಗೆಸಿಕೊಂಡು, ಆಮೇಲೆ ನಮ್ಮ ಮನೆ ಹುಡುಕಿಕೊಂಡು ಬರುತ್ತಾರೆ. ನಾನು ಮೀನು ಒಣಗಿಸುವ ಚಪ್ಪರದ ಫೋಟೊ ತೆಗೆಯುತ್ತಾರೆ. ಕಳೆದ ವಾರ ಒಸಾಕಾದಿಂದ ಬಂದವಳೊಬ್ಬಳು ಅವನ ಹಳೆಯ ಚಪ್ಪಲಿ ಇದ್ದರೆ ಕೊಡಿ ಅಂದಳು. "ಚಪ್ಪಲಿ ಯಾಕಮ್ಮ?" ಅಂದೆ. "ಸುಮ್ನೆ ಇಟ್ಕೋತೀನಿ ಅಜ್ಜಿ" ಅಂದಳು. ಸುಮ್ಮನೆ ಯಾರೂ ಯಾರ ಚಪ್ಪಲಿಯನ್ನೂ ಇಟ್ಟುಕೊಳ್ಳುವುದಿಲ್ಲ. ಈ ಜನರ ಪ್ರೀತಿಯ ಮೇಲೆ ನನಗೆ ನಂಬಿಕೆ ಬರುವುದಿಲ್ಲ. ಅಟ್ಟ ಹತ್ತಿಸುವವರೇ ಏಣಿ ತೆಗೆಯುವವರು.

ತಂದೆತಾಯಿ ಇಲ್ಲದ ಹುಡುಗ, ನಾನೇ ಸಾಕಿದ್ದು. ಇಪ್ಪತ್ತು ತುಂಬಲು ಇನ್ನೂ ಹತ್ತು ತಿಂಗಳಿರುವುದರಿಂದ ಅವನ ಎಲ್ಲ ಕಾಗದಕ್ಕೂ ಸಹಿಯ ಜಾಗದಲ್ಲಿ ನನ್ನ ಮೊಹರೇ ಬೇಕು. ಬ್ರೆಡ್ ಪೊಟ್ಟಣದ ಮೇಲೆ ಅವನ ಮುಖ ಹಾಕುವುದಕ್ಕೂ ನಾನೇ ಒತ್ತಿಕೊಟ್ಟೆ.

ಕೇಳಬೇಕಾದದ್ದು ಇಷ್ಟೇ. ಅವನು ಸರಿಯಾಗಿ ಉಣ್ಣುತ್ತಾನೆಯೇ? ಇಲ್ಲಿ ದಿನಾ ಬೆಳಿಗ್ಗೆ ಅವನ ಜಾಗದಲ್ಲಿ ಅವನ ಊಟ ಇಡುತ್ತೇನೆ. ಇದು ಸತ್ತವರ ಎಡೆಯಲ್ಲ, ಮನೆಬಿಟ್ಟು ದೂರ ಹೋದವರಿಗೆ ಇಡುವ ಊಟ. ನಿಮ್ಮ ತಾಯಿಯೂ ಇಟ್ಟಿರುತ್ತಾರೆ. ಸ್ವಲ್ಪ ಹೊತ್ತು ಬಿಟ್ಟು ಸಾರಿನ ಬಟ್ಟಲಿನ ಮುಚ್ಚಳ ಎತ್ತಿ ನೋಡುತ್ತೇನೆ. ಒಳಗಡೆ ಹನಿ ಕಟ್ಟಿದ್ದರೆ ಅವನು ಕ್ಷೇಮ. ಸಾರು ಬಿಸಿ ಇದ್ದರೆ ಹನಿ ಕಟ್ಟಿಯೇ ಕಟ್ಟುತ್ತದೆ ಅಂತ ಪಕ್ಕದ ಮನೆಯ ಯಾಸುಹಿಕೊ ನಗುತ್ತಾನೆ. ನಗಲಿ. ನನ್ನ ಗಂಡ ಮೂವತ್ತು ವರ್ಷ ಸಮುದ್ರಕ್ಕೆ ಹೋದರು. ಮುಚ್ಚಳ ಒಣಗಿದ್ದು ಒಂದೇ ದಿನ. ಆ ಕಥೆ ಈಗ ಬೇಡ.

ಒಣಗಿಸಿದ ಹಾರುಮೀನು ಕಳಿಸಿದ್ದೇನೆ. ಎಲ್ಲ ಹುಡುಗರಿಗೂ ಸಾರು ಮಾಡಿ ಹಾಕಿ.

ಇರಿಗುಚಿ ಮಿತ್ಸುಯೆ

---

ಮಿನಾಸೆ
ಏಪ್ರಿಲ್ 19, 2019

ಇರಿಗುಚಿ ಅಜ್ಜಿಯವರಿಗೆ,

ಹಾರುಮೀನು ಬಂತು. ಪೆಟ್ಟಿಗೆ ಬಿಚ್ಚಿದ ತಕ್ಷಣ ಅಡುಗೆಮನೆಯ ಬಾಗಿಲಲ್ಲಿ ಕೈರಿ ನಿಂತಿದ್ದ. "ಅಮ್ಮ, ಇದು ನಮ್ಮನೆ ವಾಸನೆ" ಅಂದ. ಇಲ್ಲಿ ಹುಡುಗರೆಲ್ಲ ನನ್ನನ್ನು ಅಮ್ಮ ಅನ್ನುತ್ತಾರೆ. ಇಪ್ಪತ್ತಾರು ಮಕ್ಕಳ ತಾಯಿ ನಾನು, ಒಂದನ್ನೂ ಹೆತ್ತಿಲ್ಲ.

ಅವನು ಉಣ್ಣುವುದರ ಬಗ್ಗೆ ನಿಮಗೆ ಯೋಚನೆಯೇ ಬೇಡ. ಮೂರು ಬಟ್ಟಲು ಅನ್ನ ಮುಗಿಸಿ, ತನ್ನ ತಟ್ಟೆ ತಾನೇ ಕಿಟಕಿಗೆ ತಂದುಕೊಟ್ಟು, ಚೆನ್ನಾಗಿತ್ತಮ್ಮ ಅಂತ ತಲೆಬಾಗಿ ಹೋಗುತ್ತಾನೆ. ದಾಖಲೆ ಗೋಲು ಹೊಡೆದ ದಿನವೂ ಬಿಡಲಿಲ್ಲ. ಬಾಗಿಲ ಹತ್ತಿರ ಹುಡುಗರ ಹೆಸರಿನ ಮರದ ಬಿಲ್ಲೆಗಳನ್ನು ತೂಗುಹಾಕಿದ್ದೇವೆ. ಒಳಗಿದ್ದರೆ ಕಪ್ಪು ಬದಿ, ಹೊರಗೆ ಹೋದರೆ ಕೆಂಪು ಬದಿ. ಉಳಿದವರು ತಿರುಗಿಸಲು ಮರೆಯುತ್ತಾರೆ. ನಿಮ್ಮ ಮೊಮ್ಮಗ ಗೇಟಿನವರೆಗೆ ಹೋಗಿ ಬರುವುದಕ್ಕೂ ತಿರುಗಿಸುತ್ತಾನೆ.

ಆದರೆ ಗೇಟಿನವರೆಗೆ ಹೋಗುವುದೇ ಈಗ ಕಷ್ಟ. ಬೆಳಿಗ್ಗೆ ಎಂಟಕ್ಕೇ ಜನ ಸಾಲಾಗಿ ನಿಂತಿರುತ್ತಾರೆ. ಅವನ ಹೆಸರು ಅಂಟಿಸಿದ ಬೀಸಣಿಗೆ ಹಿಡಿದ ಹುಡುಗಿಯರು, ಶಾಲೆ ತಪ್ಪಿಸಿ ಬಂದ ಮಕ್ಕಳು, ಮೊನ್ನೆ ಎಂಬತ್ತರ ಮುದುಕರೊಬ್ಬರು. ಕ್ಷೌರದಂಗಡಿಯವನು "ಕೈರಿ ಕಟಿಂಗ್" ಅಂತ ಬೋರ್ಡು ಹಾಕಿದ್ದಾನೆ. ಫೆಬ್ರವರಿಯಲ್ಲಿ ಹುಡುಗಿಯರು ಕಳಿಸಿದ ಚಾಕೊಲೇಟಿಗೆ ನನ್ನ ಅಕ್ಕಿ ಕೋಣೆ ಖಾಲಿ ಮಾಡಬೇಕಾಯಿತು. ಇನ್ನೂ ತಿಂದು ಮುಗಿದಿಲ್ಲ, ನನ್ನ ಸೊಂಟ ನೋಡಿದರೆ ಗೊತ್ತಾಗುತ್ತದೆ.

ನನ್ನ ತಾಯಿಯೂ ಊಟ ಇಡುತ್ತಿದ್ದರು, ನಾನು ಕೆಲಸಕ್ಕೆ ಬಂದ ಹೊಸದರಲ್ಲಿ. ನೀವು ಬರೆದ ಮೇಲೆ ಎಷ್ಟೋ ವರ್ಷಕ್ಕೆ ನೆನಪಾಯಿತು.

ಕುರೆಬಯಾಶಿ ನೊಬುಕೊ

---

ಗೊತೊ
ಜೂನ್ 2, 2019

ನೊಬುಕೊ ಅವರೇ,

ನಿಮ್ಮ ಕಾಗದವನ್ನು ಯಾಸುಹಿಕೊಗೂ ಓದಿ ಹೇಳಿದೆ. ಸೊಂಟದ ಮಾತಿಗೆ ಅವನು ಬಹಳ ನಕ್ಕ.

ಈಗ ಬೇರೆ ವಿಷಯ. ಮೇ 25ರ ಆಟ ಟೀವಿಯಲ್ಲಿ ನೋಡಿದೆ. ಅರ್ಧಕ್ಕೇ ಅವನನ್ನು ಹೊರಗೆ ಕರೆದರು. ಹೊರಗೆ ಬಂದವನು ಮೈದಾನದ ಕಡೆ ತಿರುಗಿ ತಲೆಬಾಗಿದ. ಎಂದಿನಂತೆ ಎರಡೂ ಕಾಲು ಕೂಡಿಸಿ ಅಲ್ಲ, ಎಡಗಾಲಿನ ಮೇಲೆ ಭಾರ ಹಾಕಿ, ಬಲಗಾಲನ್ನು ಸುಮ್ಮನೆ ನೆಲಕ್ಕೆ ತಾಗಿಸಿ. ಅವನಿಗೆ ತಲೆಬಾಗಲು ಕಲಿಸಿದವಳು ನಾನು. ಯಾಸುಹಿಕೊ "ದಣಿದಿರ್ಬೇಕು ಬಿಡಿ ಅಕ್ಕ" ಅಂದ. ದಣಿದವನು ಎರಡೂ ಕಾಲಿಗೆ ದಣಿಯುತ್ತಾನೆ.

ಆಮೇಲೆ ಎರಡು ಆಟದಲ್ಲಿ ಅವನೇ ಇಲ್ಲ. ಫೋನ್ ಮಾಡಿದರೆ ಅದೇ "ಹ್ಞೂಂ ಅಜ್ಜಿ". ಅಂಚೆಯ ಹುಡುಗಿ ಒಂದು ವಾರಪತ್ರಿಕೆ ತಂದುಕೊಟ್ಟಳು. ಅದರಲ್ಲಿ ಅವನು ಯಾವುದೋ ನಟಿಯ ಜೊತೆ ಓಡಾಡುತ್ತಾನಂತೆ, ಆಟದ ಮೇಲೆ ಮನಸ್ಸಿಲ್ಲವಂತೆ. ಹೀಗೆ ಬರೆದವರಿಗೆ ಹಾಸ್ಟೆಲಿನ ಒಳಗಿನ ಸುದ್ದಿ ಹೇಳುವವರು ಯಾರು? ಅವನ ಕಾಲುಚೀಲ, ಟವೆಲು ಇಂಟರ್ನೆಟ್ಟಿನಲ್ಲಿ ಮಾರಾಟಕ್ಕಿವೆ ಅಂತಲೂ ಅವಳೇ ತೋರಿಸಿದಳು. ಅವನ ಬಟ್ಟೆ ಒಗೆಯುವವರು ಯಾರು, ಒಣಹಾಕುವವರು ಯಾರು, ನನಗೇನು ಗೊತ್ತು. ನಾನು ಯಾರ ಕಡೆಗೂ ಬೊಟ್ಟು ಮಾಡುತ್ತಿಲ್ಲ. ಕೇಳುತ್ತಿದ್ದೇನೆ ಅಷ್ಟೇ.

ಅವನ ಬಲಗಾಲಿಗೆ ಏನಾಗಿದೆ? ನೇರವಾಗಿ ಬರೆಯಿರಿ.

ಮಿತ್ಸುಯೆ

---

ಮಿನಾಸೆ
ಜೂನ್ 11, 2019

ಶ್ರೀಮತಿ ಇರಿಗುಚಿ ಮಿತ್ಸುಯೆ ಅವರಿಗೆ,

ಮಳೆಗಾಲ ಆರಂಭವಾಗುತ್ತಿರುವ ಈ ದಿನಗಳಲ್ಲಿ ತಾವು ಆರೋಗ್ಯವಾಗಿದ್ದೀರೆಂದು ನಂಬಿರುತ್ತೇನೆ.

ಆಟಗಾರ ಇರಿಗುಚಿ ಕೈರಿ ಅವರು ಉತ್ತಮ ಆರೋಗ್ಯದಿಂದಿದ್ದಾರೆ. ತಂಡದ ಯೋಜನೆಯಂತೆ ಅವರಿಗೆ ವಿಶ್ರಾಂತಿ ನೀಡಲಾಗಿದೆ. ಜುಲೈ 20ರಂದು ವಿದೇಶದ ತಂಡದೊಂದಿಗೆ ನಡೆಯುವ ಪ್ರದರ್ಶನ ಪಂದ್ಯಕ್ಕೆ ಅವರು ಉತ್ಸಾಹದಿಂದ ಸಿದ್ಧರಾಗುತ್ತಿದ್ದಾರೆ. ಅವರನ್ನು ನೋಡಲು ನಲವತ್ತು ಸಾವಿರ ಅಭಿಮಾನಿಗಳು ಬರಲಿದ್ದಾರೆ. ನಿನ್ನೆ ಊಟಕ್ಕೆ ಮಿಸೊ ಹಾಕಿ ಬೇಯಿಸಿದ ಬಂಗುಡೆ ಮೀನು ಮಾಡಿದ್ದೆ. ಅವರು ಎರಡು ಸಲ ಕೇಳಿ ಹಾಕಿಸಿಕೊಂಡು ಉಂಡರು.

ತಾವು ಯಾವುದೇ ಚಿಂತೆ ಮಾಡಬಾರದಾಗಿ ವಿನಂತಿ.

ಕುರೆಬಯಾಶಿ ನೊಬುಕೊ

---

ಗೊತೊ
ಜೂನ್ 15, 2019

ಕುರೆಬಯಾಶಿ ಅವರೇ,

ಬಂಗುಡೆ.

ಏಳನೇ ವಯಸ್ಸಿನಲ್ಲಿ ಅವನು ಬಂಗುಡೆ ತಿಂದು, ತುಟಿ ಊದಿ, ಉಸಿರು ಕಟ್ಟಿ, ಯಾಸುಹಿಕೊನ ದೋಣಿಯಲ್ಲಿ ಹಾಕಿಕೊಂಡು ಪಕ್ಕದ ದ್ವೀಪದ ಆಸ್ಪತ್ರೆಗೆ ಓಡಿದ್ದೆವು. ಅಂದಿನಿಂದ ಬಂಗುಡೆ ಬೆಂದ ಪಾತ್ರೆಯ ನೀರೂ ಅವನ ಬಾಯಿಗೆ ಬಿದ್ದಿಲ್ಲ. ಹಾಸ್ಟೆಲಿಗೆ ಸೇರಿಸುವಾಗ ಅದನ್ನು ಕೆಂಪು ಮಸಿಯಲ್ಲಿ ಬರೆದು, ಮೊಹರು ಒತ್ತಿ ಕೊಟ್ಟಿದ್ದೇನೆ. ಅವನು ನಿಮ್ಮ ಕೈಯಿಂದ ಎರಡು ಸಲ ಹಾಕಿಸಿಕೊಂಡು ಉಂಡನೇ?

ಒಂದೋ ಅವನು ನಿಮ್ಮಲ್ಲಿ ಉಣ್ಣುತ್ತಿಲ್ಲ. ಇಲ್ಲವೇ ಅವನು ಏನು ಉಣ್ಣುತ್ತಾನೆಂದು ನೋಡಲು ನಿಮಗೆ ಪುರುಸೊತ್ತಿಲ್ಲ. ಏಪ್ರಿಲ್‌ನಲ್ಲಿ ಮನುಷ್ಯರ ಹಾಗೆ ಬರೆದಿದ್ದಿರಿ. ಈ ಸಲದ್ದು ಪುರಸಭೆಯ ನೋಟೀಸು. ನನ್ನ ಕಿವಿ ಮಂದ ಇರಬಹುದು, ಅದರ ಮೇಲೆ ಹೂವಿಡುವಷ್ಟು ಮಂದ ಅಲ್ಲ. ಕಾಲಿನ ವಿಷಯ ಕೇಳಿದರೆ ಮೀನಿನ ವಿಷಯ ಬರೆದಿದ್ದೀರಿ.

ಮೂರು ದಿನದಿಂದ ಮುಚ್ಚಳ ಒಣಗಿದೆ. ಸಾರು ಬಿಸಿಯೇ ಇತ್ತು. ನನಗೆ ಅವನನ್ನು ಬಿಟ್ಟರೆ ಯಾರೂ ಇಲ್ಲ. ಇದನ್ನು ನಿಮಗೆ ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತಿದ್ದೇನೆ.

ಇರಿಗುಚಿ ಮಿತ್ಸುಯೆ

---

ಮಿನಾಸೆ
ಜೂನ್ 21, 2019

ಶ್ರೀಮತಿ ಇರಿಗುಚಿ ಅವರಿಗೆ,

ತಮ್ಮ ಮನಸ್ಸಿಗೆ ನೋವಾಗಿದ್ದರೆ ಕ್ಷಮೆ ಕೋರುತ್ತೇನೆ. ಆಟಗಾರ ಕೈರಿ ಅವರು ಆರೋಗ್ಯವಾಗಿದ್ದಾರೆ. ಅಭಿಮಾನಿಗಳ ಪ್ರೀತಿ ದಿನೇದಿನೇ ಹೆಚ್ಚುತ್ತಿದೆ.

ತಾವು ಏಪ್ರಿಲ್‌ನಲ್ಲಿ ಬರೆದದ್ದು ನನ್ನ ಮನಸ್ಸಿನಲ್ಲಿ ಉಳಿದಿತ್ತು. ಹಾಗಾಗಿ ಜೂನ್ 1ರಿಂದ ನಾನೂ ತಮ್ಮ ಹಾಗೆಯೇ ದಿನಾ ಬೆಳಿಗ್ಗೆ ಕೈರಿ ಅವರ ಜಾಗದಲ್ಲಿ ಅವರ ಊಟ ಇಡುತ್ತಿದ್ದೇನೆ. ಸಾರಿನ ಬಟ್ಟಲಿಗೆ ಮುಚ್ಚಳ ಹಾಕುತ್ತೇನೆ. ಮುಚ್ಚಳದಲ್ಲಿ ಹನಿ ಕಟ್ಟುತ್ತದೆ. ಒಂದು ದಿನವೂ ತಪ್ಪಿಲ್ಲ.

ತಾವು ಕಳೆದ ತಿಂಗಳು ಕಳಿಸಿದ ಪಾರ್ಸಲ್ ಇಲ್ಲೇ ಇದೆ. ತಮ್ಮ ಮೊಹರು ಇಲ್ಲದೆ ಅದನ್ನು ಬಿಡಿಸುವಂತಿಲ್ಲವಂತೆ. ಬಹಳ ದಿನ ಇಟ್ಟರೆ ಒಳಗಿರುವುದು ಕೆಡುತ್ತದೆ ಎಂದು ತಿಳಿದವರು ಹೇಳುತ್ತಾರೆ.

ಕುರೆಬಯಾಶಿ ನೊಬುಕೊ

---

ಗೊತೊ
ಜೂನ್ 24, 2019

ಕುರೆಬಯಾಶಿ ಅವರಿಗೆ,

ಕಾಗದ ತಲುಪಿತು. ನೀವು ಅವನನ್ನು ಇಷ್ಟು ಚೆನ್ನಾಗಿ ನೋಡಿಕೊಳ್ಳುತ್ತಿರುವುದು ತಿಳಿದು ಸಮಾಧಾನವಾಯಿತು. ಮುದುಕಿ ಏನೋ ಕೋಪದಲ್ಲಿ ಬರೆದದ್ದನ್ನು ಮರೆತುಬಿಡಿ. ನನಗೆ ಸೊಂಟನೋವು. ಈ ಬೇಸಿಗೆ ಪೂರ್ತಿ ಮನೆಯಿಂದ ಹೊರಗೆ ಕಾಲಿಡುವ ಹಾಗಿಲ್ಲ ಅಂತ ವೈದ್ಯರು ಹೇಳಿದ್ದಾರೆ. ಕ್ಲಬ್ಬಿನ ಎಲ್ಲರಿಗೂ ನನ್ನ ನಮಸ್ಕಾರ ತಿಳಿಸಿ.

ಇರಿಗುಚಿ ಮಿತ್ಸುಯೆ

---

ಗೊತೊ
ಆಗಸ್ಟ್ 30, 2019

ನೊಬುಕೊ,

ನಿನ್ನ ಹೊಸ ವಿಳಾಸ ಹಾಸ್ಟೆಲಿಗೆ ತರಕಾರಿ ತರುವ ವ್ಯಾನಿನವನಿಂದ ಸಿಕ್ಕಿತು. ಅದು ಸರಿಯೋ ಅಲ್ಲವೋ ಗೊತ್ತಿಲ್ಲ. ಜುಲೈನಿಂದ ನಿನ್ನ ಸುದ್ದಿ ಯಾರ ಹತ್ತಿರ ಕೇಳಿದರೂ ಬಾಯಿ ಬಿಡುವುದಿಲ್ಲ. ಹಾಸ್ಟೆಲಿಗೆ ಎರಡು ಕಾಗದ ಬರೆದೆ, ಎರಡೂ ವಾಪಸ್ ಬಂದವು. ಕ್ಲಬ್ಬಿನವರು ನಿನ್ನನ್ನು ಕೆಲಸದಿಂದ ಬಿಡಿಸಿದರಂತೆ. ನನ್ನ ಮೊಮ್ಮಗನ ಕಾಲು ಉಳಿಯಿತು, ನಿನ್ನ ಅಡುಗೆಮನೆ ಹೋಯಿತು. ಇದನ್ನು ಬರೆಯಲು ಮೂರು ದಿನ ತೆಗೆದುಕೊಂಡೆ.

ನಿನ್ನ ಜೂನ್ 21ರ ಕಾಗದ ಬಂದ ದಿನ ಮೊದಲು ಸಿಟ್ಟಿನಲ್ಲೇ ಓದಿದೆ. ಇವಳು ನನ್ನನ್ನು ಅಣಕಿಸುತ್ತಿದ್ದಾಳೆ ಅಂದುಕೊಂಡೆ. ಆಮೇಲೆ ಒಲೆಯ ಮುಂದೆ ಕೂತಾಗ ಕೈ ನಿಂತುಹೋಯಿತು. ಮನೆಯಲ್ಲಿ ಇರುವವನಿಗೆ ಯಾರಾದರೂ ಹೀಗೆ ಊಟ ಇಡುತ್ತಾರೆಯೇ? ಇರುವವನು ತಾನೇ ಬಂದು ಉಣ್ಣುತ್ತಾನೆ. ಇವಳು ಇಡುತ್ತಿದ್ದಾಳೆ ಅಂದರೆ ಅವನು ಹಾಸ್ಟೆಲಿನಲ್ಲಿ ಇಲ್ಲ, ಜೂನ್ 1ರಿಂದ ಇಲ್ಲ. ಹನಿ ಕಟ್ಟುತ್ತದೆ ಅಂದಿದ್ದಾಳೆ, ಅಂದರೆ ಜೀವಕ್ಕೆ ಅಪಾಯವಿಲ್ಲ. ಇನ್ನು ಪಾರ್ಸಲ್. ಏಪ್ರಿಲ್‌ನ ಹಾರುಮೀನು ಬಿಟ್ಟರೆ ನಾನು ಏನನ್ನೂ ಕಳಿಸಿರಲಿಲ್ಲ. ಹಾಗಾದರೆ ನನ್ನ ಮೊಹರಿಗಾಗಿ ಅಲ್ಲಿ ಯಾವುದೋ ಕಾಗದ ಕಾಯುತ್ತಿದೆ, ಕಾದಷ್ಟೂ ಏನೋ ಕೆಡುತ್ತಿದೆ. ಕಾಲು ಅಂತ ಹೇಳಿಕೊಡಲು ನನಗೆ ಯಾರೂ ಬೇಕಾಗಲಿಲ್ಲ.

ಸೊಂಟನೋವಿನ ಕಾಗದವನ್ನು ಬೆಳಿಗ್ಗೆ ಡಬ್ಬಿಗೆ ಹಾಕಿ, ಮಧ್ಯಾಹ್ನದ ಹಡಗು ಹತ್ತಿದೆ. ಮೊಹರನ್ನು ಸೊಂಟದ ಪಟ್ಟಿಯೊಳಗೆ ಸಿಕ್ಕಿಸಿಕೊಂಡಿದ್ದೆ, ಹಾಗಾಗಿ ಸೊಂಟದ ವಿಷಯ ಪೂರ್ತಿ ಸುಳ್ಳಲ್ಲ.

ಹಾಸ್ಟೆಲಿನ ಬಾಗಿಲಲ್ಲಿ ಅವನ ಹೆಸರಿನ ಬಿಲ್ಲೆ ಕೆಂಪು ಬದಿಗೆ ತಿರುಗಿತ್ತು. ಕಿಟಕಿಯ ಹತ್ತಿರದ ಮೇಜಿನ ಮೇಲೆ ಮುಚ್ಚಿದ ಬಟ್ಟಲು. ನೀನು ನನ್ನನ್ನು ನೋಡಿದೆ. ಹೆಸರೂ ಕೇಳಲಿಲ್ಲ. ತರಕಾರಿ ವ್ಯಾನಿನವನಿಗೆ ನೀನು "ಕ್ಲಿನಿಕ್ಕಿಗೆ ಕಲ್ಲಂಗಡಿ ಕೊಡೋಕೆ ಹೋಗ್ತೀಯಲ್ಲ, ಮುಂದಿನ ಸೀಟು ಖಾಲಿ ಇದೆ" ಅಂದೆ. ನನ್ನ ಕಡೆ ತಿರುಗಲೂ ಇಲ್ಲ. ಆಗ ನನಗೆ ಬೇಜಾರಾಯಿತು, ಒಂದು ಲೋಟ ಚಹಾ ಆದರೂ ಕೊಡಬಾರದೇ ಅಂತ. ಹುಡುಗರ ಆರೋಗ್ಯದ ವಿಷಯ ಯಾರಿಗೂ ಹೇಳುವುದಿಲ್ಲ ಅಂತ ನಿನ್ನಿಂದ ಬರೆಸಿಕೊಂಡಿದ್ದರು ಅನ್ನುವುದು ಆಮೇಲೆ ತಿಳಿಯಿತು. ನೀನು ಕೊನೆಯವರೆಗೂ ಯಾರಿಗೂ ಏನೂ ಹೇಳಲಿಲ್ಲ. ಅನ್ನ ಬಡಿಸಿಟ್ಟೆ, ಅಷ್ಟೇ.

ಕ್ಲಿನಿಕ್ಕಿನ ಬಾಗಿಲಲ್ಲಿ ಪ್ರಚಾರ ವಿಭಾಗದ ತೊಗಾಶಿ ನಿಂತಿದ್ದ, ನೀನು ಬರೆದದ್ದನ್ನೆಲ್ಲ ಮೊದಲು ಓದುತ್ತಿದ್ದವನು. ಒಳ್ಳೆಯ ಕೋಟು, ಒಳ್ಳೆಯ ಮಾತು.

"ಅಯ್ಯೋ ಅಜ್ಜಿ, ಹೇಳಿದ್ರೆ ಕಾರ್ ಕಳಿಸ್ತಿದ್ವಲ್ಲ" ಅಂದ.

"ಕಾರು ಬೇಡ. ನನ್ನ ಮೊಹರು ಬೀಳ್ಬೇಕಾದ ಕಾಗದ ಕೊಡಿ" ಅಂದೆ.

"ಯಾವ ಕಾಗದ ಅಜ್ಜಿ? ಇಲ್ಲಿ ಅಂಥದ್ದೇನಿಲ್ಲ" ಅನ್ನುತ್ತ ಕೈಯಲ್ಲಿದ್ದ ಚೀಲವನ್ನು ಬೆನ್ನ ಹಿಂದೆ ಸರಿಸಿದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಆ ಚೀಲವನ್ನೇ ನೋಡುತ್ತ ಕುರ್ಚಿಯ ಮೇಲೆ ಕೂತೆ. ಅಷ್ಟರಲ್ಲಿ ವೈದ್ಯರು ಬಂದರು, ಚಿಕ್ಕ ವಯಸ್ಸಿನ ಹೆಣ್ಣುಮಗಳು. ಮೊಣಕಾಲಿನ ಒಳಗೆ ಹರಿದಿದೆ, ತಿಂಗಳ ಹಿಂದೆಯೇ ಶಸ್ತ್ರಚಿಕಿತ್ಸೆಗೆ ಬರೆದುಕೊಟ್ಟಿದ್ದೇನೆ, ಮನೆಯವರ ಒಪ್ಪಿಗೆ ಬಂದಿಲ್ಲ ಅಂತ ಇವರು ಹೇಳುತ್ತ ಬಂದರು ಅಂದಳು. ಆಮೇಲೆ ತೊಗಾಶಿಯೂ ಮನುಷ್ಯನ ಹಾಗೆ ಮಾತಾಡಿದ.

"ಇನ್ನು ಮೂರೇ ಮೂರು ವಾರ ಅಜ್ಜಿ. ಇಂಜೆಕ್ಷನ್ ಕೊಟ್ಟು ಒಂದು ಅರ್ಧ ಗಂಟೆ ಆಡಿಸಿ, ಆಮೇಲೆ ಆಪರೇಷನ್ ಮಾಡ್ಸೋಣ. ನಲವತ್ತು ಸಾವಿರ ಜನ ಇವನೊಬ್ಬನನ್ನ ನೋಡೋಕೆ ಬರ್ತಾ ಇದ್ದಾರೆ. ಅವರಿಗೆ ಏನು ಹೇಳ್ಲಿ?"

"ಆ ನಲವತ್ತು ಸಾವಿರ ಜನಕ್ಕೆ ಎಂಬತ್ತು ಸಾವಿರ ಕಾಲಿದೆ. ಇವನಿಗೆ ಎರಡೇ ಇರೋದು" ಅಂದೆ.

ಚೀಲದಿಂದ ಕಾಗದ ಬಂತು. ಒತ್ತಿದೆ. ಮೊಹರು ಸ್ವಲ್ಪ ಓರೆ ಬಿತ್ತು. ನಡೆಯುತ್ತದೆ ಅಂದಳು ವೈದ್ಯೆ.

ಕೈರಿ ಮಂಚದ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದ್ದ. ಸುತ್ತ ಹೂಗುಚ್ಛ, ಬೊಂಬೆ, ಬೀಸಣಿಗೆ. ಬೈಯಬೇಕು ಅಂತಲೇ ಹೋಗಿದ್ದೆ. "ಗೇಟ್ ಹತ್ರ ಚಿಕ್ಕ ಮಕ್ಕಳು ನಿಂತಿರ್ತಾರೆ ಅಜ್ಜಿ, ಇಪ್ಪತ್ತನೇ ತಾರೀಕು ಬರ್ತೀವಿ ಅಂತಾರೆ. ಬೇಡ ಅನ್ನೋಕೆ ಬಾಯಿ ಬರ್ಲಿಲ್ಲ" ಅಂದ. ಅವನನ್ನು ಅಟ್ಟ ಹತ್ತಿಸಿದವರು ಕೆಟ್ಟವರು ಅಂತ ಇಷ್ಟು ದಿನ ಅಂದುಕೊಂಡಿದ್ದೆ. ಅವರು ನಿಜವಾಗಿ ಪ್ರೀತಿಸುವವರೇ ಇರಬಹುದು. ಅದಕ್ಕೇ ಅವನಿಗೆ ಇಳಿಯಲು ಆಗಲಿಲ್ಲ.

ಬಂಗುಡೆಯ ವಿಷಯವನ್ನೂ ಅವನೇ ಹೇಳಿದ, ನೋಡಲು ಬಂದ ಹಾಸ್ಟೆಲಿನ ಹುಡುಗರಿಂದ ತಿಳಿದದ್ದಂತೆ. ತೊಗಾಶಿ ನಿನ್ನ ಪಕ್ಕದಲ್ಲಿ ಕೂತು ಹೇಳಿ ಬರೆಸಿದನಂತೆ, ಊಟದ ವಿಷಯ ಏನಾದರೂ ಸೇರಿಸಿದರೆ ಮನೆಯವರು ನಂಬುತ್ತಾರೆ ಅಂತ ಬಂಗುಡೆ ಅಂದನಂತೆ. ನಿನ್ನ ಕಣ್ಣೆದುರಿನ ಗೋಡೆಯಲ್ಲೇ ನನ್ನ ಕೆಂಪು ಮಸಿಯ ಚೀಟಿ ಇತ್ತಂತೆ. ನೀನು ತಿದ್ದಲಿಲ್ಲ. ಅವನು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದೆ. ನಾನೋ, ನಿನಗೆ ನೋಡಲು ಪುರುಸೊತ್ತಿಲ್ಲ ಅಂದೆ. ಕಾಲುಚೀಲ ಮಾರುತ್ತೀಯೇನೋ ಅಂತಲೂ ಅನುಮಾನಪಟ್ಟೆ. ತಪ್ಪಾಯಿತು ನೊಬುಕೊ. ಇದನ್ನು ಎದುರಿಗೆ ಕೂತು ಹೇಳಬೇಕಿತ್ತು.

ಈಗ ಅವನು ನನ್ನ ಹತ್ತಿರ ಇದ್ದಾನೆ. ಕೋಲು ಹಿಡಿದು ಹಡಗುಕಟ್ಟೆಯವರೆಗೆ ನಡೆಯುತ್ತಾನೆ. ಮುಂದಿನ ವಸಂತಕ್ಕೆ ಆಡಬಹುದಂತೆ. ಕಟ್ಟೆಯ ಚಿತ್ರ ಬಿಸಿಲಿಗೆ ಬಣ್ಣ ಕಳೆದುಕೊಂಡಿದೆ, ಯಾರೂ ಹೊಸದು ಅಂಟಿಸಿಲ್ಲ. ಬ್ರೆಡ್ ಪೊಟ್ಟಣದ ಮೇಲೆ ಈಗ ಬೇರೆ ಹುಡುಗನ ಮುಖ. ಒಸಾಕಾದ ಚಪ್ಪಲಿ ಹುಡುಗಿ ಮಾತ್ರ ಮತ್ತೆ ಬಂದಿದ್ದಳು. ಕೈರಿಯನ್ನು ಕರೆಯಿರಿ ಅನ್ನಲಿಲ್ಲ, ಫೋಟೊ ತೆಗೆಯಲಿಲ್ಲ. ನನ್ನ ಜೊತೆ ಮೀನು ತಿರುವಿಹಾಕಿ ಸಂಜೆಯ ಹಡಗಿಗೆ ಹೋದಳು. ಅವಳು ಹೋದ ಮೇಲೆ ಚಪ್ಪಲಿಗಳನ್ನು ಎಣಿಸಿದೆ. ಎಲ್ಲ ಇದ್ದವು.

ನಿನ್ನೆ ಬೆಳಿಗ್ಗೆ ನಾನು ಊಟ ಬಡಿಸಿ ಇಡುವಾಗ ಕೈರಿ ಕೇಳಿದ. "ಅಜ್ಜಿ, ನಾನು ಇಲ್ಲೇ ಇದೀನಲ್ಲ, ಇದು ಯಾರಿಗೆ?"

"ಸುಮ್ನೆ ನಿನ್ನ ಊಟ ನೀನು ಮಾಡು" ಅಂದೆ. ಅವನಿಗೆ ಅರ್ಥವಾಯಿತು, ತಲೆ ತಗ್ಗಿಸಿ ಉಂಡ.

ಆಮೇಲೆ ಮುಚ್ಚಳ ಎತ್ತಿ ನೋಡಿದೆ. ಒಳಗೆಲ್ಲ ಹನಿ. ನೀನು ಕ್ಷೇಮವಾಗಿದ್ದೀಯ ಅಂತ ಗೊತ್ತಾಯಿತು. ಆದರೂ ನಾನು ಅನುಮಾನದ ಹೆಂಗಸು. ನಿನ್ನೆ ಏನು ಉಂಡೆ ಅಂತ ನೀನೇ ಬರೆ. ಸುಳ್ಳು ಬೇಡ.

ಮಿತ್ಸುಯೆ

---

(ಅಂಚೆ ಕಾರ್ಡು)

ಅಕಿತಾ
ಸೆಪ್ಟೆಂಬರ್ 9, 2019

ಅಜ್ಜಿ,

ವಿಳಾಸ ಸರಿಯಾಗಿದೆ. ತಂಗಿಯ ಮನೆಯಲ್ಲಿದ್ದೇನೆ. ಮುಂದಿನ ತಿಂಗಳಿಂದ ಇಲ್ಲಿನ ಒಂದು ಶಾಲೆಯ ಅಡುಗೆಮನೆಯಲ್ಲಿ ಕೆಲಸ ಸಿಗಬಹುದು. ಈಗ ಇಪ್ಪತ್ತಾರಲ್ಲ, ಇನ್ನೂರು ಮಕ್ಕಳು.

ನಿನ್ನೆ ಅನ್ನ, ಮೂಲಂಗಿ ಉಪ್ಪಿನಕಾಯಿ, ಮಿಸೊ ಹಾಕಿ ಬೇಯಿಸಿದ ಬಂಗುಡೆ ಉಂಡೆ. ಎರಡು ಸಲ ಹಾಕಿಸಿಕೊಂಡೆ. ಈ ಸಲ ನಿಜ.

ನೊಬುಕೊ